ಚಂಪವ್ವನ ಹೆಸರು ಕೇಳಿಸಿದ ಸೋಮವಾರ

ನಮ್ಮೂರಿನಲ್ಲಿ ಗುಂಡಿನ ಸದ್ದು ಮೂರು ದಿನ ಮುಂಚೆಯೇ ಕೇಳಿಸುತ್ತದೆ. ಸೋಮವಾರ ಹನ್ನೊಂದಕ್ಕೆ ಢಂ ಎಂದರೆ ಗುರುವಾರ ಹನ್ನೊಂದಕ್ಕೆ ಅದು ಬಂದು ಬೀಳುತ್ತದೆ. ಮೊದಮೊದಲು ಎದೆ ಹಿಡಿದುಕೊಂಡು ಕೂರುತ್ತಿದ್ದೆವು. ಈಗ ಸದ್ದು ಬಂದ ಕೂಡಲೇ ಹೆಂಗಸರು ಕಡಲೆ ನೆನೆಹಾಕುತ್ತಾರೆ, ಗಂಡಸರು ಕಿಟಕಿಯ ಗಾಜು ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿಡುತ್ತಾರೆ, ಚಹಾದಂಗಡಿಯವನು ಗುರುವಾರದ ಹಾಲು ಬೇಡವೆಂದು ಗೌಳಿಗರಿಗೆ ಹೇಳಿ ಕಳಿಸುತ್ತಾನೆ. ಮದುವೆ ಗೊತ್ತು ಮಾಡುವವರು ಅಯ್ಯನವರ ಹತ್ತಿರ ಹೋಗುವ ಮೊದಲು ನನ್ನ ಹತ್ತಿರ ಬರುತ್ತಾರೆ.

ನಾನು ಸಾವಂತ್ರಿ. ಊರಿನ ಕೇಳುವವಳು. ಮೊದಲು ರವಿಕೆ ಹೊಲಿಯುತ್ತಿದ್ದೆ. ಒಂಟಿ ಹೆಂಗಸು, ಕಿವಿ ಚುರುಕು, ಹಗಲೆಲ್ಲ ಒಂದೇ ಕಡೆ ಕೂತು ರೂಢಿ ಇದೆ ಎಂದು ಊರವರು ಈ ಕೆಲಸ ಕೊಟ್ಟರು. ಶಾಲೆಯ ಮಾಳಿಗೆಯ ಮೇಲೆ ಒಂದು ಕುರ್ಚಿ, ಒಂದು ಗಡಿಯಾರ, ಒಂದು ನೋಟುಬುಕ್ಕು. ಯಾವ ದಿಕ್ಕು, ಎಷ್ಟು ಸದ್ದು, ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ನಿಂತು ಓದಿ ಹೇಳಬೇಕು. ಜಗಳದ ಸದ್ದು ಮಾತ್ರ ಹೀಗೆ ಮೊದಲು ಬರುತ್ತದೆ. ಅದರ ಜೊತೆಗೆ ಸಿಕ್ಕಿಕೊಂಡ ಉಳಿದ ಸದ್ದುಗಳೂ ಬರುತ್ತವೆ, ನಾಯಿ ಬೊಗಳಿದ್ದು, ಪಾತ್ರೆ ಬಿದ್ದದ್ದು, ಯಾರೋ ಕೂಗಿದ್ದು. ಒದ್ದೆ ಬಟ್ಟೆಯ ಆಚೆಯಿಂದ ಬಂದ ಹಾಗೆ ಬರುತ್ತವೆ. ದೂರದ ಪಟ್ಟಣದ ಪರಿಹಾರ ಕಚೇರಿಯಿಂದ ಒಮ್ಮೆ ಒಬ್ಬ ಗುಮಾಸ್ತ ಬಂದಿದ್ದ. ನನ್ನ ಪುಸ್ತಕ ನೋಡಿ, ದಿನಾಂಕಗಳನ್ನೆಲ್ಲ ತಪ್ಪು ಹಾಕಿದ್ದೀರಿ ಎಂದು ಕೂತು ಒಂದೊಂದಾಗಿ ತಿದ್ದಿಕೊಟ್ಟ. ಊಟ ಹಾಕಿ ಕಳಿಸಿದೆವು.

ಗುಡ್ಡದವರೂ ಬಯಲಿನವರೂ ಬಡಿದಾಡಲು ಶುರುಮಾಡಿ ಆರು ವರ್ಷವಾಯಿತು. ನಮ್ಮೂರು ನಡುವೆ ಇದೆ. ಇಬ್ಬರಿಗೂ ನಮ್ಮ ಮೇಲೆ ಅಂಥ ಸಿಟ್ಟೇನಿಲ್ಲ. ಇಬ್ಬರ ಗುರಿಯೂ ಚೆನ್ನಾಗಿಲ್ಲ, ಅಷ್ಟೇ. ಗುಡ್ಡದವರು ಹೊಡೆದದ್ದು ಕೆಳಗಿನ ಓಣಿಗೆ ಬೀಳುತ್ತದೆ, ಬಯಲಿನವರು ಹೊಡೆದದ್ದು ಮೇಲಿನ ಓಣಿಗೆ. ಎರಡೂ ಓಣಿಗೆ ಒಂದೇ ದಿನ ಬಿದ್ದದ್ದು ಬಹಳ ಕಡಿಮೆ. ಇದನ್ನು ಮೊದಲು ಗಮನಿಸಿದವಳು ಚಂಪವ್ವ.

ಚಂಪವ್ವನಿಗೆ ಆಗ ಐವತ್ತೈದು. ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ಜಗಳದ ಮೊದಲ ವರ್ಷವೇ ಊರಿನ ಉಗ್ರಾಣ ಸುಟ್ಟುಹೋಯಿತು, ಅದರೊಳಗೆ ಚೀಲ ಎಳೆದು ತರಲು ಹೋದ ಅವಳ ಗಂಡ ಈರಪ್ಪನ ಮೇಲೆ ತೊಲೆ ಬಿತ್ತು. ಮಣ್ಣು ಮಾಡಿ ಬಂದ ಮರುದಿನ ಚಂಪವ್ವ ಶಾಲೆಯ ಅಂಗಳದಲ್ಲಿ ಮೂರು ಕಲ್ಲು ಹೂಡಿ ದೊಡ್ಡ ಹಂಡೆ ಇಟ್ಟಳು. ಯಾರನ್ನೂ ಕರೆಯಲಿಲ್ಲ. ಮನೆಯಲ್ಲಿ ಉಳಿದ ಜೋಳ ತಂದವರು ತಂದರು, ತರದವರೂ ಬಂದು ಉಂಡರು. ಅಲ್ಲೇ ಉಣ್ಣುತ್ತಿದ್ದವರನ್ನು ನೋಡುತ್ತ ನೋಡುತ್ತ ಅವಳಿಗೆ ಜೋಡಿ ಮನೆಯ ವಿಚಾರ ಹೊಳೆಯಿತು.

ಮೇಲಿನ ಓಣಿಯ ಪ್ರತಿ ಮನೆಗೂ ಕೆಳಗಿನ ಓಣಿಯಲ್ಲಿ ಒಂದು ಜೋಡಿ ಮನೆ. ಕೆಳಗೆ ಬೀಳುವ ಸದ್ದು ಕೇಳಿದರೆ ಕೆಳಗಿನವರೆಲ್ಲ ಹಾಸಿಗೆ ಸುತ್ತಿಕೊಂಡು ತಮ್ಮ ತಮ್ಮ ಜೋಡಿ ಮನೆಗೆ ಹತ್ತುತ್ತಾರೆ. ಮೇಲೆ ಬೀಳುವುದಾದರೆ ಮೇಲಿನವರು ಇಳಿಯುತ್ತಾರೆ. ಯಾರು ಯಾರಿಗೆ ಜೋಡಿ ಎಂದು ಚಂಪವ್ವನೇ ಮನೆಮನೆಗೆ ತಿರುಗಿ ಹೊಂದಿಸಿದಳು. ಎಷ್ಟು ಜನ ಉಣ್ಣುತ್ತೀರಿ, ದಿನಾ ಗುಳಿಗೆ ನುಂಗುವವರು ಯಾರು, ರಾತ್ರಿ ಗೊರಕೆ ಹೊಡೆಯುವವರು ಯಾರು ಎಂದು ಕೇಳಿದಳು. ಮಾತಿಲ್ಲದ ಮನೆಗಳನ್ನು ಬೇಕೆಂದೇ ಜೋಡಿ ಹಾಕಿದಳು ಎಂದು ಕೆಲವರು ಗೊಣಗಿದರು. ಅವಳು ಒಂದೇ ಮಾತು ಹೇಳಿದಳು: "ಬಂದವರಿಗೆ ಬಾಗಿಲಾ ತಗೀಬೇಕು. ನಗಬೇಕಂತೇನಿಲ್ಲ."

ಎಲ್ಲ ಮನೆಗೂ ಜೋಡಿಯಾಯಿತು, ಎರಡು ಮನೆ ಬಿಟ್ಟು. ಮೇಲಿನ ಓಣಿಯಲ್ಲಿ ಚಂಪವ್ವನ ಮನೆ, ಕೆಳಗಿನ ಓಣಿಯಲ್ಲಿ ಅವಳ ಅಕ್ಕ ಕಾಶವ್ವನ ಮನೆ. ಒಂದಕ್ಕೊಂದು ಹೊಂದಿಸಿದರೆ ಮುಗಿದೇ ಹೋಯಿತು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಯಾಕೆಂದರೆ ಉಗ್ರಾಣ ನೋಡಿಕೊಳ್ಳುತ್ತಿದ್ದವನು ಕಾಶವ್ವನ ಗಂಡ ಯಮನಪ್ಪ. ಒಂದು ಮಧ್ಯಾಹ್ನ ಗುಡ್ಡದವರು ಬಂದು ಅವನ ಹಣೆಗೆ ಬಂದೂಕು ಹಿಡಿದು ಉಗ್ರಾಣ ತೆಗೆಸಿ, ಹೊರುವಷ್ಟು ಜೋಳ ಹೊತ್ತುಕೊಂಡು ಹೋದರು. ವಾರದೊಳಗೆ ಬಯಲಿನವರು ಬಂದು, ಗುಡ್ಡದವರಿಗೆ ಅನ್ನ ಹಾಕುವ ಉಗ್ರಾಣ ಇದು ಎಂದು ಬೆಂಕಿ ಇಟ್ಟರು. ಯಮನಪ್ಪ ಕೀಲಿ ಕೊಟ್ಟ, ಈರಪ್ಪ ಸತ್ತ ಎಂದು ಊರು ಎರಡೇ ಮಾತಿನಲ್ಲಿ ಕಥೆ ಕಟ್ಟಿತು. ಯಮನಪ್ಪ ಆಮೇಲೆ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಎರಡು ವರ್ಷಕ್ಕೆ ಹಾಸಿಗೆ ಹಿಡಿದು ತೀರಿಕೊಂಡ. ಅಕ್ಕ ತಂಗಿಯರು ಒಬ್ಬರ ಬಾಗಿಲಿಗೆ ಒಬ್ಬರು ಹೋಗಲಿಲ್ಲ. ಮೇಲಿಂದ ಒಬ್ಬಳು ಬಂದರೆ ಕೆಳಗಿಂದ ಬರುವವಳು ಬಾವಿಕಟ್ಟೆಯಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕಾಶವ್ವನಿಗೆ ಮೊಣಕಾಲು ಬೇನೆ. ಕೆಳಗಿನ ಓಣಿಗೆ ಬೀಳುವ ದಿನ ಅವಳೊಬ್ಬಳೇ ತನ್ನ ಪಡಸಾಲೆಯ ಹಗೇವಿನೊಳಗೆ, ಹಿಂದೆ ಜೋಳ ತುಂಬಿಡುತ್ತಿದ್ದ ನೆಲದಡಿಯ ಆ ಕುಣಿಯೊಳಗೆ, ಇಳಿದು ಕೂರುತ್ತಿದ್ದಳು.

ಹೀಗಿರುವಾಗ ಒಂದು ಸೋಮವಾರ, ಹನ್ನೊಂದೂ ಹತ್ತಕ್ಕೆ, ಕೆಳಗಿನ ಓಣಿಯ ಕಡೆ ನಾಲ್ಕು ಸದ್ದು ಕೇಳಿದವು. ನಾಲ್ಕೂ ಸ್ವಲ್ಪ ದೂರ. ತಗಡು ಕಿತ್ತು ಬಿದ್ದ ಸದ್ದು ಬಂತು. ನಾನು ಬರೆಯುತ್ತಿದ್ದೆ. ಆಗ ಒಬ್ಬ ಹೆಂಗಸಿನ ಧ್ವನಿ, ಕೆಳಗಿನಿಂದಲೇ: "ಚಂಪೀ… ಏಳ. ಚಂಪೀ… ಚಂಪೀ, ಏಳ."

ಪೆನ್ನು ನಿಂತಿತು. ಆಮೇಲೆ ಎಲೆ ಅಡಿಕೆ ಹಾಕಿಕೊಂಡು ಅಗಿದು ಮುಗಿಸುವಷ್ಟು ಹೊತ್ತು ಏನೂ ಇಲ್ಲ. ಅದಾದ ಮೇಲೆ ಐದನೆಯದು. ಅದು ಬಹಳ ಹತ್ತಿರ, ಬಹಳ ದೊಡ್ಡದು. ಗಡಿಯಾರ ನೋಡಿದೆ. ಹನ್ನೊಂದೂ ಇಪ್ಪತ್ತು.

ಊರಿನಲ್ಲಿ ಚಂಪವ್ವ ಒಬ್ಬಳೇ. ಅವಳನ್ನು ನಾವೆಲ್ಲ ಚಂಪಕ್ಕಾರ ಎನ್ನುತ್ತೇವೆ, ಮಕ್ಕಳು ದೊಡ್ಡವ್ವ ಎನ್ನುತ್ತವೆ. ಚಂಪೀ ಎಂದು ಕರೆಯುವವರು ಜಗತ್ತಿನಲ್ಲಿ ಒಬ್ಬರೇ ಉಳಿದಿದ್ದರು.

ಕೇಳುವವಳು ಬಚ್ಚಿಡಬಾರದು, ಸೇರಿಸಬಾರದು. ಆದರೂ ಬಾವಿಕಟ್ಟೆಗೆ ಹೋಗುವ ಮೊದಲು ಶಾಲೆಯ ಅಂಗಳಕ್ಕೆ ಇಳಿದೆ. ಚಂಪವ್ವ ಮೊರದ ತುಂಬ ಉಳ್ಳಾಗಡ್ಡಿ ಇಟ್ಟುಕೊಂಡು ಈಳಿಗೆಯ ಮುಂದೆ ಕೂತಿದ್ದಳು. ಎದುರಿಗೆ ಕೂತು ಇದ್ದದ್ದು ಇದ್ದ ಹಾಗೆ ಓದಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಏಳ ಅಂದಳಾ?" ಎಂದು ಕೇಳಿದಳು.

"ಅಂದ್ಳರಿ. ಎರಡು ಸಲ."

"ಏಳ ಅಂದ್ರ ನಾ ಬಿದ್ದಿರ್ತೀನಿ ಅಂತಾತು." ಇನ್ನೊಂದು ಗಡ್ಡೆ ತೆಗೆದುಕೊಂಡು ಸಿಪ್ಪೆ ಸುಲಿದಳು. "ನಾ ಎದ್ದ ಸದ್ದು ಏನರ ಕೇಳ್ತೇನು?"

"ಏಳೂದು ಸದ್ದು ಮಾಡೂದಿಲ್ಲಲ್ರೀ ಅಕ್ಕಾರ."

"ಅದೂ ಖರೇನ," ಎಂದು ಕಣ್ಣು ಒರೆಸಿಕೊಂಡಳು. ಉಳ್ಳಾಗಡ್ಡಿ ಬಹಳ ಖಾರವಿತ್ತು.

ಬಾವಿಕಟ್ಟೆಯಲ್ಲಿ ಓದಿದ ಮೇಲೆ ಊರಿಗೆ ಊರೇ ಸಲಹೆಗಾರರ ಮನೆಯಾಯಿತು. ಕಾಶವ್ವನ ಬಾಯಿಗೆ ಬಟ್ಟೆ ಕಟ್ಟಿ ಎಂದರು ಒಬ್ಬರು. ಚಂಪವ್ವನನ್ನು ಮೂರು ದಿನ ಬೇರೆ ಊರಿಗೆ ಕಳಿಸಿ ಎಂದರು ಇನ್ನೊಬ್ಬರು. ಇವೆಲ್ಲ ಆಗದ ಮಾತು ಎಂಬುದು ಎಲ್ಲರಿಗೂ ಗೊತ್ತಿತ್ತು. ಕೇಳಿದ ಸದ್ದು ಬಂದೇ ಬರುತ್ತದೆ. ಕುಂಬಾರರ ಮನೆಯವರು ತಮ್ಮ ನಾಯಿ ಬೊಗಳಿದ್ದು ಕೇಳಿ ಹೆದರಿ ಅದನ್ನು ಮೂರು ಹರದಾರಿ ಆಚೆ ಬಿಟ್ಟುಬಂದಿದ್ದರು. ಹೇಳಿದ ಹೊತ್ತಿಗೆ ಸರಿಯಾಗಿ ನಾಯಿ ಓಡಿ ಬಂದು, ಬೊಗಳಿ, ಮಲಗಿತು. ಆದರೆ ಸದ್ದು ಬರುತ್ತದೆಯೇ ಹೊರತು ಯಾಕೆ ಬರುತ್ತದೆ ಎಂದು ಅದು ಹೇಳುವುದಿಲ್ಲ. ಹಿಂದಿನ ವರ್ಷ ಹೆಂಗಸೊಬ್ಬಳು ಜೀವ ಹೋಗುವ ಹಾಗೆ ಚೀರಿದ್ದನ್ನು ಬರೆದಿದ್ದೆ. ಊರೆಲ್ಲ ಉಸಿರು ಬಿಗಿಹಿಡಿದು ಕೂತಿತ್ತು. ಮೂರನೆಯ ದಿನ ನೋಡಿದರೆ ಬಡಿಗೇರರ ಸೊಸೆಗೆ ಹೆರಿಗೆ, ಅವಳಿ ಮಕ್ಕಳು.

ಸಂಜೆಗೆ ಕೆಳಗಿನ ಓಣಿಗೆ ಹೋದೆ. ಕಾಶವ್ವ ಬಾಗಿಲಲ್ಲಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

"ಆಕಿನ್ನ ಹಂಗ ಕರದು ಆರು ವರ್ಷಾತು," ಎಂದಳು. "ಈಗ ಯಾಕ ಕರೀಲಿ?" ಸ್ವಲ್ಪ ಹೊತ್ತು ಬಿಟ್ಟು, ಕೋಳಿಗಳ ಕಡೆ ನೋಡುತ್ತ ಕೇಳಿದಳು: "ಧ್ವನಿ ಹೆಂಗಿತ್ತು, ಸಾವಂತ್ರಿ? ಅಳೂ ಧ್ವನಿ ಇತ್ತೇನು?"

ನೆನಪು ಮಾಡಿಕೊಂಡೆ. ಇಲ್ಲದ್ದನ್ನು ಹೇಳುವ ಹಾಗಿಲ್ಲ. "ಇಲ್ರೀ. ಸಿಟ್ಟಿನ ಧ್ವನಿ ಇತ್ತು."

ಅವಳ ಮುಖ ಸ್ವಲ್ಪ ಸಡಿಲಾಯಿತು. "ಸಿಟ್ಟಾದ್ರ ನಾನ," ಎಂದಳು.

ನನ್ನ ಮನೆಗೆ ಬನ್ನಿ, ನನ್ನ ಜೋಡಿ ಮನೆಯವರು ಬಂದರೂ ಜಾಗ ಇದೆ ಎಂದು ಕರೆದೆ. ಅವಳು ಬರುವುದಿಲ್ಲ ಎಂದಳು. ಮೊಣಕಾಲಿನ ನೆಪ ಹೇಳಿದಳು, ಕೋಳಿಗಳ ನೆಪ ಹೇಳಿದಳು. ಕೊನೆಗೆ ಖಾಲಿ ಮೊರ ಬಡಿದು ಹೇಳಿದಳು: "ನಾ ಕೆಳಗಿದ್ದು ಆಕಿ ಮ್ಯಾಲಿದ್ರ, ನಾ ಎಷ್ಟ ಒದರಿದ್ರೂ ಆಕಿಗೇನೂ ಆಗೂದಿಲ್ಲ. ನಾ ಹತ್ತಿ ಬಂದೆ ಅಂತಿಟ್ಕೋ, ಅಲ್ಲೇ ಆಕಿ ಕಾಲ ಜಾರಿ ಬಿದ್ಲು, ಅಲ್ಲೇ ನಾ ಕರದೆ. ಯಾರಿಗೆ ಬೇಕು? ನಾ ಇಲ್ಲೇ ಇರ್ತೀನಿ. ಆಕಿಗೆ ಹೇಳು, ಕೆಳಗ ಕಾಲಿಡಬ್ಯಾಡ ಅಂತ."

ಹೇಳಿದೆ. ಚಂಪವ್ವ ಕೇಳಿಸಿಕೊಂಡಳು. ಮಂಗಳವಾರ ಹಂಡೆ ತೊಳೆದಳು. ಬುಧವಾರ ಕೆಳಗಿನ ಓಣಿಯ ಜನ ಹಾಸಿಗೆ, ಹಲ್ಲಿನ ಪುಡಿ, ಕೂಸಿನ ತೊಟ್ಟಿಲು ಹೊತ್ತು ಹತ್ತತೊಡಗಿದಾಗ ಪಟ್ಟಿ ಹಿಡಿದು ಬಾವಿಕಟ್ಟೆಯಲ್ಲಿ ನಿಂತು ಒಬ್ಬೊಬ್ಬರನ್ನೇ ಎಣಿಸಿ ಕಳಿಸಿದಳು. ಒಬ್ಬ ಅಜ್ಜಿಗೆ ಜೋಡಿ ಮನೆಯ ಮೆಟ್ಟಿಲು ಎತ್ತರವಾಗುತ್ತದೆಂದು ಅಲ್ಲಿಗೆ ಎರಡು ಇಟ್ಟಿಗೆ ಕಳಿಸಿದಳು. ಹೊತ್ತು ಮುಳುಗುವ ಮುಂಚೆ ಕೆಳಗಿನ ಓಣಿ ಖಾಲಿಯಾಯಿತು. ಒಂದು ಮನೆಯಲ್ಲಿ ಮಾತ್ರ ಒಲೆ ಉರಿಯುತ್ತಿತ್ತು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ನಾನು ಮಾಳಿಗೆ ಹತ್ತುವುದರಲ್ಲಿದ್ದೆ. ಚಂಪವ್ವ ಶಾಲೆಯ ಅಂಗಳದಿಂದ ಅಕ್ಕಿಚೀಲ ತರುವ ತಳ್ಳುಗಾಡಿ ಹೊರಗೆ ಎಳೆದಳು. ಅದರ ಮೇಲೆ ಒಂದು ಗೋಣಿತಟ್ಟು ಮಡಚಿ ಇಟ್ಟಿದ್ದಳು.

"ನಿನ್ನ ಗಡಿಯಾರ ತಗೊಂಡು ಬಾ," ಎಂದಳು.

"ಎಲ್ಲಿಗ್ರಿ?"

"ಕೆಳಗ. ಇಳಕಲಿನ್ಯಾಗ ಗಾಡಿ ಹಿಡಿಯಾಕ ಒಬ್ಬರು ಬೇಕು."

ನಾನು ಅವಳ ಮುಂದೆ ನಿಂತುಬಿಟ್ಟೆ. ಅಕ್ಕಾರ, ಧ್ವನಿ ಕೇಳಿದ್ದೇ ಕೆಳಗಿನ ಓಣಿಯಿಂದ, ನೀವು ಹೋಗದಿದ್ದರೆ ಏನೂ ಆಗುವುದಿಲ್ಲ ಎಂದೆ. ಅವಳು ಗಾಡಿಯ ಹಿಡಿಕೆ ಬಿಡದೆ ಹೇಳಿದಳು: "ಸಾವಂತ್ರಿ, ಐದನೇದು ಎಲ್ಲಿ ಬಿತ್ತು?"

"ಹತ್ತಿರ ಬಿತ್ರಿ."

"ಕೂಗಿದಾಕಿಗೆ ಹತ್ತಿರ. ಅಂದ್ರ ಆಕಿ ಮನಿಗೆ ಹತ್ತಿರ. ಕಾಶಕ್ಕ ಲೆಕ್ಕಾ ಹಾಕಿದ್ದು ಬರೇ ತನ್ನ ಕೂಗಿನ ತನಕ. ಅದರ ಮುಂದಿಂದು ಆಕಿ ಕೇಳೇ ಇಲ್ಲ." ಗಾಡಿ ತಳ್ಳಲು ಶುರುಮಾಡಿದಳು. "ನಾ ಹೋಗಿರದಿದ್ರ ಆಕಿ ಯಾರಿಗೆ ಏಳ ಅಂತಿದ್ಲು? ನಾ ಅಲ್ಲಿ ಇದ್ದೆ ಅನ್ನೂದು ನಿನ್ನ ಪುಸ್ತಕದಾಗ ಬರದೈತಿ. ಇದ್ದ ಮ್ಯಾಲೆ ನಡಕೊಂಡು ಹೋಗೂದು ಚೊಲೊ."

ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಗಾಡಿಯ ಗಾಲಿ ಕಲ್ಲಿನ ಮೇಲೆ ಗಡಗಡ ಎನ್ನುತ್ತಿತ್ತು. ಕಾಶವ್ವನ ಬಾಗಿಲು ತಲುಪಿದಾಗ ಹನ್ನೊಂದಕ್ಕೆ ಹತ್ತು ನಿಮಿಷ ಕಡಿಮೆ. ಒಳಗಿನಿಂದ ಬೇಳೆ ಬೇಯುವ ವಾಸನೆ ಬರುತ್ತಿತ್ತು. ಕಾಶವ್ವ ಹೊಸ್ತಿಲಿಗೆ ಬಂದು ನಮ್ಮನ್ನು ನೋಡಿದಳು. ತಂಗಿಯನ್ನು ಅಷ್ಟು ಹತ್ತಿರದಿಂದ ನೋಡಿ ಆರು ವರ್ಷವಾಗಿತ್ತು. ಕೂದಲು ಬೆಳ್ಳಗಾದದ್ದನ್ನು ನೋಡುತ್ತಿದ್ದಳೋ ಏನೋ, ಕಣ್ಣು ಅವಳ ಹಣೆಯ ಮೇಲೇ ನಿಂತಿತು.

"ಕೆಳಗ ಬರಬ್ಯಾಡ ಅಂತ ಹೇಳಿ ಕಳಿಸಿದ್ನಲ್ಲ," ಎಂದಳು.

"ಗಾಡಿ ತಂದೀನಿ. ಹತ್ತು," ಎಂದಳು ಚಂಪವ್ವ.

"ನಾ ಬರೂದಿಲ್ಲ. ನೀ ಹೋಗ್ ಮೊದಲ."

"ನೀ ಬಂದ್ರ ಹೋಗ್ತೀನಿ."

"ನನಗ ಜೋಡಿ ಮನಿ ಇಲ್ಲ. ಯಾರ ಮನಿಗಿ ಬರ್ಲಿ?"

ಚಂಪವ್ವ ಗಾಡಿಯ ಹಿಡಿಕೆ ಕೆಳಗಿಟ್ಟಳು. ಗಾಡಿಯಿಂದ ಗೋಣಿತಟ್ಟು ತೆಗೆದಳು, ಕೊಡವಿದಳು, ಬಾಗಿಲ ಮುಂದಿನ ಕಟ್ಟೆಯ ಮೇಲೆ ಉದ್ದಕ್ಕೆ ಹಾಸಿದಳು, ಸೆರಗು ಬಿಗಿದುಕೊಂಡು ಅದರ ಮೇಲೆ ಮಲಗಿಬಿಟ್ಟಳು. ತಲೆಯ ಕೆಳಗೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಉಂಡು ಅಡ್ಡಾದವರ ಹಾಗೆ.

"ಏನಿದು?" ಎಂದು ಕಾಶವ್ವ ನನ್ನನ್ನು ಕೇಳಿದಳು.

ಚಂಪವ್ವನೇ ಹೇಳಿದಳು, ಕಣ್ಣು ತೆರೆಯದೆ: "ನೀ ಏಳ ಅನ್ನೂದು ಗಟ್ಟಿ ಆಗೈತಿ. ಬಿದ್ದು ಕರಸ್ಕೊಳ್ಳೂದಕ್ಕಿಂತ ಮಲಗಿ ಕರಸ್ಕೊಳ್ಳೂದು ಪಾಡ."

ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಕಾಶವ್ವ ಬಯ್ದಳು. ಕಾಲು ಹಿಡಿದು ಎಳೆಯಲು ನೋಡಿದಳು. ಚಂಪವ್ವ ಹಂಡೆ ಎತ್ತುವ ಹೆಂಗಸು, ಅಲುಗಲಿಲ್ಲ. ಕಾಶವ್ವ ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು, ತೆರೆದಳು, ಮತ್ತೆ ಬಂದು ನೋಡಿದಳು. ಒಂದು ಕೋಳಿ ಚಂಪವ್ವನ ಹೊಟ್ಟೆಯ ಮೇಲೆ ಹತ್ತಿ ಇಳಿಯಿತು. ನಾನು ಗಡಿಯಾರ ಹಿಡಿದು ನಿಂತಿದ್ದೆ. ಹನ್ನೊಂದು. ಹನ್ನೊಂದೂ ಐದು. ಹನ್ನೊಂದೂ ಎಂಟಕ್ಕೆ ನಾನೂ ಅಕ್ಕಾರ, ಏಳ್ರಿ ಎಂದೆ. ಅವಳು ಬಾಯಿ ಮುಚ್ಚಿಕೊಂಡು ನಿಲ್ಲು, ನಿನ್ನ ಧ್ವನಿ ಪುಸ್ತಕದಲ್ಲಿ ಇಲ್ಲ ಎಂದಳು.

ಹನ್ನೊಂದೂ ಹತ್ತಕ್ಕೆ ಮೊದಲನೆಯದು ಬಿತ್ತು. ಓಣಿಯ ತುದಿಯ ಹಾಳು ಗಿರಣಿಯ ಹತ್ತಿರ. ಮೂರು ದಿನ ಮೊದಲು ಕೇಳುವುದು ಬೇರೆ, ಆ ಹೊತ್ತಿಗೆ ನೆಲ ನಡುಗುವುದು ಬೇರೆ. ನಾನು ಗಾಡಿಯ ಕೆಳಗೆ ತೂರಿದೆ. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಗಿರಣಿಯ ತಗಡು ಕಿತ್ತು ಹಾರಿ ಬಂದು ಓಣಿಯ ನಡುವೆ ಬಿತ್ತು. ಚಂಪವ್ವ ಮಲಗಿಯೇ ಇದ್ದಳು. ಮುಖದ ಮೇಲೆಲ್ಲ ಧೂಳು. ಕಣ್ಣು ಬಿಗಿಯಾಗಿ ಮುಚ್ಚಿದ್ದಳು, ಹೆದರಿದ್ದಳು ಎಂದು ನನಗೆ ಗೊತ್ತಾಗುತ್ತಿತ್ತು, ಕೈಬೆರಳು ಗೋಣಿಯನ್ನು ಕಿತ್ತುಹೋಗುವ ಹಾಗೆ ಹಿಡಿದಿದ್ದವು.

ಆಗ ಕಾಶವ್ವ ಹೊಸ್ತಿಲು ದಾಟಿ ಬಂದು, ಬೇನೆಯ ಮೊಣಕಾಲು ಊರಿ ಅವಳ ಪಕ್ಕಕ್ಕೆ ಕುಸಿದು, ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. "ಚಂಪೀ… ಏಳ," ಎಂದು ಕೂಗಿದಳು. "ಚಂಪೀ… ಚಂಪೀ, ಏಳ."

ಅದೇ ಧ್ವನಿ. ಅದೇ ಸಿಟ್ಟು. ಒದ್ದೆ ಬಟ್ಟೆ ಸರಿದಂತೆ ಈಗ ನೇರವಾಗಿ ಕೇಳಿತು.

ಚಂಪವ್ವ ಕಣ್ಣು ತೆರೆದಳು. "ಈಗ ಗಾಡಿ ಹತ್ತತೀಯೋ ಇಲ್ಲೋ?" ಎಂದಳು.

ಕಾಶವ್ವ ಹತ್ತಿದಳು. ಇಬ್ಬರೂ ಎತ್ತಿ ಕೂರಿಸಿದೆವು ಎನ್ನುವುದೇ ಸರಿ. ಐದನೆಯದಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ನೋಡಲು ಗಡಿಯಾರ ಇದ್ದವಳು ನಾನೊಬ್ಬಳೇ. ಗಡಿಯಾರ ಬಾಯಲ್ಲಿ ಕಚ್ಚಿಕೊಂಡು ತಳ್ಳಿದೆ. ಬಾವಿಯ ತಿರುವಿನ ಕಲ್ಲುಗೋಡೆಯ ಹಿಂದೆ ಸೇರುವುದಕ್ಕೂ ಹನ್ನೊಂದೂ ಇಪ್ಪತ್ತಾಗುವುದಕ್ಕೂ ಸರಿಹೋಯಿತು. ಸದ್ದು ಕಿವಿಗಲ್ಲ, ಹಲ್ಲಿಗೆ ಬಡಿಯಿತು. ಧೂಳು ಇಳಿದ ಮೇಲೆ ಇಣುಕಿದೆವು. ಕಾಶವ್ವನ ಮನೆ ಇದ್ದಲ್ಲಿ ಒಂದು ಗೋಡೆ ಮಾತ್ರ ಇತ್ತು. ಹಗೇವು ಇದ್ದ ಪಡಸಾಲೆಯ ಮೇಲೆ ಮಾಳಿಗೆಯ ಮಣ್ಣೆಲ್ಲ ರಾಶಿ ಬಿದ್ದಿತ್ತು. ಕೋಳಿಗಳು ಎಲ್ಲಿಂದಲೋ ಓಡಿ ಬರುತ್ತಿದ್ದವು.

"ಒಲಿ ಮ್ಯಾಲೆ ಬ್ಯಾಳಿ ಇಟ್ಟಿದ್ದೆ," ಎಂದಳು ಕಾಶವ್ವ.

ಏರಿನಲ್ಲಿ ಗಾಡಿ ಭಾರವಾಗಿತ್ತು. ಚಂಪವ್ವ ಒಂದು ಹಿಡಿಕೆ, ನಾನು ಒಂದು ಹಿಡಿಕೆ. ಕಾಶವ್ವ ನಮ್ಮ ಕಡೆ ಮುಖ ಮಾಡಿ ಕೂತಿದ್ದಳು. ಅರ್ಧ ಏರು ಹತ್ತಿದ ಮೇಲೆ ಅವಳು ತನ್ನ ಕೈ ನೋಡಿಕೊಳ್ಳುತ್ತ ಹೇಳಿದಳು: "ಅವತ್ತು ಉಗ್ರಾಣದ ಕೀಲಿ ಕೊಟ್ಟಿದ್ದು ನಮ್ಮ ಮನಿಯವರಲ್ಲ, ಚಂಪೀ. ಅವರು ಕೊಡಲಿಲ್ಲ. ಹಣಿಗಿ ಬಂದೂಕ ಹಿಡದ್ರೂ ಕೊಡಲಿಲ್ಲ. ನಾ ಬಿಚ್ಚಿ ಕೊಟ್ಟೆ."

"ಗೊತ್ತು," ಎಂದಳು ಚಂಪವ್ವ.

"ಯಾರು ಹೇಳಿದ್ರು?"

"ಯಾರು ಹೇಳಬೇಕು? ಕೀಲಿ ಯಾವಾಗ್ಲೂ ನಿನ್ನ ಟೊಂಕದಾಗ ಇರ್ತಿತ್ತು. ಭಾವ ಅದನ್ನ ಒಂದಿನಾನೂ ಮುಟ್ಟಿದಾಂವಲ್ಲ."

ಕಾಶವ್ವನ ಕೈ ಟೊಂಕಕ್ಕೆ ಹೋಯಿತು. ಆಮೇಲೆ ಕೇಳಿದಳು: "ಮತ್ತ ಆರು ವರ್ಷ ಯಾಕ ಬಾಯಿ ಮುಚ್ಚಿಕೊಂಡಿದ್ದಿ?"

"ನೀ ಬಂದು ಹೇಳ್ತಿ ಅಂತ ಕಾಯ್ದೆ. ನಾನಿದ್ರೂ ಕೊಡ್ತಿದ್ದೆ. ಹಂಗ ಅನ್ನಾಕ ನೀ ಒಂದು ಮಾತು ಆಡಬೇಕಿತ್ತಲ್ಲ. ಊರೆಲ್ಲ ಭಾವನ ಮ್ಯಾಲೆ ಹಾಕ್ತು, ನೀ ಸುಮ್ನ ಕೇಳ್ಕೊಂಡು ಕುಂತಿ. ಅದಕ್ಕ ಸಿಟ್ಟು ಬಂದಿತ್ತು. ಇನ್ನೂ ಐತಿ."

"ಇರಲಿ," ಎಂದಳು ಕಾಶವ್ವ. "ಅವರು ಸಾಯೂ ತನಕ ನನಗ ಹೇಳಾಕ ಬಿಡಲಿಲ್ಲ. ಹೆಂಗಸಿನ ಮ್ಯಾಲೆ ಬರಬಾರದು, ನಾ ಹೊರ್ತೀನಿ ಅಂದ್ರು. ಅವರು ಹೋದ ಮ್ಯಾಲೆ ನನಗ ಧೈರ್ಯ ಸಾಲಲಿಲ್ಲ." ಆಗ ಅವಳು ಅತ್ತಳು, ಸದ್ದಿಲ್ಲದೆ. ಚಂಪವ್ವ ಗಾಡಿ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಹಿಂದಕ್ಕೆ ಜಾರುತ್ತಿತ್ತು.

ಆ ಮಧ್ಯಾಹ್ನ ಕಾಶವ್ವ ಮೂರು ಕಲ್ಲಿನ ಮುಂದೆ, ಊರೆಲ್ಲ ಉಣ್ಣುತ್ತಿರುವಾಗ, ಎದ್ದು ನಿಂತು ಕೀಲಿಯ ಮಾತನ್ನು ಇನ್ನೊಮ್ಮೆ ಹೇಳಿದಳು.  ಕೆಲವರು ತಟ್ಟೆ ನೋಡಿಕೊಂಡರು. ಯಮನಪ್ಪನನ್ನು ಎಲ್ಲರಿಗಿಂತ ಜಾಸ್ತಿ ಬಯ್ದಿದ್ದ ಮುದುಕ ಒಬ್ಬ ಕೈ ತೊಳೆದುಕೊಂಡು ಬಂದು, ಅವನ ಗೋರಿಯ ಸುತ್ತ ಮುಳ್ಳು ಬೆಳೆದಿದೆ, ನಾಳೆ ಹೋಗಿ ಕಡಿಯುತ್ತೇನೆ ಎಂದ. ಕಡಿದ.

ಅಕ್ಕ ತಂಗಿಯರು ಒಂದೇ ಮನೆಯಲ್ಲಿ ಇರತೊಡಗಿದರು. ಕಥೆಯಲ್ಲಾದರೆ ಇಲ್ಲಿಗೆ ಸುಖವಾಗಿರಬೇಕು. ಇವರು ನಾಲ್ಕನೆಯ ದಿನಕ್ಕೆ ಮಾತು ಬಿಟ್ಟರು. ಕಸಬರಿಗೆಯನ್ನು ನಿಲ್ಲಿಸಿ ಇಡಬೇಕೋ ಮಲಗಿಸಿ ಇಡಬೇಕೋ ಎಂಬುದು ಕಾರಣ. ಮಾತು ಬಿಟ್ಟರೂ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು, ಕಾಶವ್ವನ ಮೊಣಕಾಲಿಗೆ ಚಂಪವ್ವ ಎಣ್ಣೆ ತಿಕ್ಕುತ್ತಿದ್ದಳು, ಬಾಯಿ ಬಿಗಿದುಕೊಂಡು. ಎರಡು ದಿನಕ್ಕೆ ಮಾತು ಹತ್ತುತ್ತಿತ್ತು, ವಾರಕ್ಕೆ ಮತ್ತೆ ಬಿಡುತ್ತಿತ್ತು. ಕಾಶವ್ವ ಶಾಲೆಯ ಅಂಗಳಕ್ಕೂ ಬಂದಳು. ಕೂತಲ್ಲೇ ಕಾಳು ಆರಿಸುವುದು, ಸೊಪ್ಪು ಬಿಡಿಸುವುದು, ಒಲೆ ನೋಡುವುದು ಅವಳ ಪಾಲಿಗೆ ಬಂತು.

ಕೆಳಗಿನ ಓಣಿಯವರು ಸೇರಿ ಅವಳ ಮನೆಯನ್ನು ಮತ್ತೆ ಎಬ್ಬಿಸಿದರು. ಮೇಲಿನವರು ಕಲ್ಲು ಹೊತ್ತರು. ಸುಗ್ಗಿ ಮುಗಿಯುವ ಹೊತ್ತಿಗೆ ಬಾಗಿಲೂ ಕೂತಿತು. ಬಾಗಿಲು ಕೂರಿಸಿದ ದಿನ ಕಾಶವ್ವ ಹೋಗಿ ಒಳಗೆಲ್ಲ ತಿರುಗಿ ನೋಡಿ, ಚೆನ್ನಾಗಿದೆ ಎಂದು ಹೇಳಿ, ತಂಗಿಯ ಮನೆಗೇ ವಾಪಸು ಬಂದಳು. ಅದೇ ವಾರ ಗುಡ್ಡದ ಆಚೆಯ ಒಂದು ಹಳ್ಳಿಯಿಂದ ಒಂದು ಸಂಸಾರ ನಮ್ಮೂರಿಗೆ ಬಂದು ಸೇರಿತು. ಅವರ ಊರಿಗೆ ಮೊದಲು ಕೇಳಿಸುವ ಭಾಗ್ಯ ಇರಲಿಲ್ಲ. ಲಾಲಬೀ ಎಂಬ ಹೆಂಗಸು, ಅವಳ ಎರಡು ಹೆಣ್ಣುಮಕ್ಕಳು, ಅತ್ತೆ ಬಡೇಮಾ. ನಾಲ್ವರಿಗೂ ಸೇರಿ ಎರಡು ಗಂಟು. ಕಾಶವ್ವ ಹೊಸ ಮನೆಯ ಚಿಲಕ ತೆಗೆದುಕೊಟ್ಟಳು. ಚಂಪವ್ವ ಪಟ್ಟಿ ತೆಗೆದು, ತನ್ನ ಮನೆಯ ಎದುರು ಆರು ವರ್ಷದಿಂದ ಖಾಲಿ ಇದ್ದ ಜಾಗದಲ್ಲಿ ಲಾಲಬೀಯ ಹೆಸರು ಬರೆದಳು.

"ಎಷ್ಟು ಮಂದಿ ಉಣ್ಣತೀರಿ?" ಎಂದು ಕೇಳಿದಳು.

"ಮೂವರು," ಎಂದಳು ಲಾಲಬೀ. "ಅತ್ತಿ ಏನೂ ಉಣ್ಣೂದಿಲ್ರೀ. ಮಾತೂ ಆಡೂದಿಲ್ಲ. ಊರು ಸುಟ್ಟ ಮ್ಯಾಲೆ ಇವತ್ತಿಗೆ ನಲವತ್ತು ದಿನ. ಎಲ್ಲೆ ಕುಂದರ್ಸಿದ್ರ ಅಲ್ಲೆ ಕುಂದರ್ತಾರ. ಎರಡು ಗುಟುಕು ನೀರು ಗಂಜಿ ಬಾಯಿಗೆ ಹಾಕ್ತೀನಿ, ಅಷ್ಟ."

ಚಂಪವ್ವ ನಾಲ್ಕು ಎಂದು ಬರೆದುಕೊಂಡಳು.

ಮರುದಿನ ಮಧ್ಯಾಹ್ನ ಅವರು ನಾಲ್ವರೂ ಶಾಲೆಯ ಅಂಗಳಕ್ಕೆ ಬಂದರು. ಅವತ್ತು ಅಕ್ಕ ತಂಗಿಯರಿಗೆ ಮಾತಿಲ್ಲದ ದಿನ. ಏನು ಕಾರಣವೋ ನಾನು ಕೇಳಿರಲಿಲ್ಲ. ಬಡೇಮಾಳನ್ನು ಗೋಡೆಗೆ ಒರಗಿಸಿ ಕೂರಿಸಿದರು. ತೆಳ್ಳಗಿನ, ಉದ್ದ ಮೂಗಿನ ಮುದುಕಿ. ಕಣ್ಣು ಎಲ್ಲೋ ಇತ್ತು. ಲಾಲಬೀ ಬೇಳೆಯಲ್ಲಿ ರೊಟ್ಟಿ ನೆನೆಸಿ, ಚೂರು ಮಾಡಿ, ಬಾಯಿಗೆ ಇಟ್ಟಳು. ಮುದುಕಿ ಒಮ್ಮೆ ಅಗಿದಳು. ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿದಳು. ನುಂಗಿದಳು. ಕಣ್ಣು ದೂರದಿಂದ ನಿಧಾನವಾಗಿ ಬಂದು ತಟ್ಟೆಯ ಮೇಲೆ ನಿಂತವು.

"ಉಪ್ಪು ಹೆಚ್ಚಾಗೈತಿ," ಎಂದಳು.

ಅಂಗಳದಲ್ಲಿ ಯಾರೂ ಅಗಿಯಲಿಲ್ಲ. ಲಾಲಬೀಯ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಅವಳ ಹೆಣ್ಣುಮಕ್ಕಳು ಅಜ್ಜಿಯನ್ನು ನೋಡಿದರು, ಅವ್ವನನ್ನು ನೋಡಿದರು.

ನಾನು ನನ್ನ ತಟ್ಟೆಯ ಬೇಳೆ ನಾಲಗೆಗೆ ಹಚ್ಚಿ ನೋಡಿದೆ. ಖರೇ, ಉಪ್ಪು ಮಿತಿಮೀರಿತ್ತು. ಒಲೆಯ ಈ ಕಡೆ ಚಂಪವ್ವ, ಆ ಕಡೆ ಕಾಶವ್ವ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಾತಾಡಿದ್ದರೆ ಒಬ್ಬಳು ಹಾಕಿದ್ದೇನೆ ಎಂದು ಹೇಳುತ್ತಿದ್ದಳು. ಮಾತಾಡದೆ ಇಬ್ಬರೂ ಹಾಕಿದ್ದರು.

"ಯಾರು ಮಾಡಿದ್ದು ಇದನ್ನ?" ಎಂದು ಬಡೇಮಾ ಕೇಳಿದಳು. ನಲವತ್ತು ದಿನ ಬಳಸದ ಧ್ವನಿ ತುಕ್ಕು ಹಿಡಿದಿತ್ತು, ಆದರೂ ಅದರೊಳಗೆ ಒಬ್ಬ ಗಟ್ಟಿ ಅತ್ತೆ ಇದ್ದಳು.

"ಇಬ್ಬರೂ ಸೇರಿ ಮಾಡೀವ್ರೀ," ಎಂದಳು ಚಂಪವ್ವ.

ಲಾಲಬೀ ಮುಖ ತಿರುಗಿಸಿ, ಸೆರಗು ಬಾಯಿಗೆ ಒತ್ತಿಕೊಂಡು, ಮೆಟ್ಟಿಲ ಮೇಲೆ ಹೋಗಿ ಕೂತಳು. ಕಾಶವ್ವ ಕುಂಟುತ್ತ ಬಂದು ಬಿಸಿನೀರು ಬೆರೆಸಿದ ಬೇಳೆ ಇನ್ನೊಂದು ಸೌಟು ಬಡಿಸಿದಳು. ಮುದುಕಿ ತಟ್ಟೆಯನ್ನು ಸೊಸೆಯ ಜಾಗದಿಂದ ತನ್ನ ತೊಡೆಯ ಮೇಲಕ್ಕೆ ಎಳೆದುಕೊಂಡು, ತಾನೇ ರೊಟ್ಟಿ ಮುರಿದು, ಈಗ ಸಪ್ಪಗಾಯಿತು ಎಂದು ಗೊಣಗುತ್ತ, ಪೂರ್ತಿ ಉಂಡಳು.